ಜಿಲ್ಲಾ ಪರಿಷತ್ತು: ನೌಕರವರ್ಗ, ಆಯವ್ಯಯ, ಅಧಿನಿಯಮ

ನಾಗಪುರದ ಪ್ರತಾಪ ನಗರದಲ್ಲಿ ನೆಲೆಸಿರುವ ಕನ್ನಡಿಗನು ಮಹಾನಗರಪಾಲಿಕೆಯ ಮತದಾರ. ಆತನಿಗೆ ಜಿಲ್ಲಾ ಪರಿಷತ್ತಿನಲ್ಲಿ ಮತವಿಲ್ಲ. ಪರಿಷತ್ತಿನ ಆಡಳಿತವು ನಗರದ ಎಲ್ಲೆಯಾಚೆಗಿನ ಹಳ್ಳಿಗಳದು. ಆದುದರಿಂದಲೇ ಈ ಸಂಸ್ಥೆಯ ಪರಿಚಯ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಆದರೆ ನಾವು ಬಿಟ್ಟುಬಂದ ಊರುಗಳ ಶಾಲೆ, ಆಸ್ಪತ್ರೆ, ರಸ್ತೆಗಳೂ ಇಂಥದೇ ಒಂದು ಸಂಸ್ಥೆಗೆ ಸೇರಿದವು. ಎರಡು ರಾಜ್ಯಗಳ ವ್ಯವಸ್ಥೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಹೊರನಾಡಿನಲ್ಲಿರುವ ನಮಗೆ ಸಹಜವಾಗಿಯೇ ಒದಗಿದೆ.

ನಾಗಪುರವು ಮಧ್ಯಪ್ರಾಂತದ ರಾಜಧಾನಿಯಾಗಿದ್ದಾಗ, 1948ರ ಅಧಿನಿಯಮದ ಮೇರೆಗೆ ಇಲ್ಲಿ ‘ಜನಪದ ಸಭೆ’ಗಳು ಸ್ಥಾಪಿತವಾದವು. ದ್ವಾರಕಾಪ್ರಸಾದ ಮಿಶ್ರರು ಇದರ ಪ್ರವರ್ತಕರು. ‘ಜನಪದ’ವೆಂದರೆ ಇಂದು ನಮಗೆ ಹಾಡು-ಕತೆಗಳ ನೆನಪಾಗುತ್ತದೆ, ಆದರೆ ಕವಿರಾಜಮಾರ್ಗವು ಕಾವೇರಿ-ಗೋದಾವರಿಗಳ ನಡುವಣ ಕನ್ನಡ ನಾಡನ್ನೇ ಈ ಶಬ್ದದಿಂದ ಸೂಚಿಸಿದೆ. ಮಧ್ಯಪ್ರಾಂತದವರು ಪದವನ್ನು ಆ ಹಳೆಯ ಅರ್ಥದಲ್ಲಿಯೇ ತೆಗೆದುಕೊಂಡು, ಸಾಮಾನ್ಯವಾಗಿ ಒಂದೊಂದು ತಹಸೀಲಿಗೆ ಒಂದೊಂದು ಸಭೆಯನ್ನು ನೀಡಿದರು. ಆದರೆ ಸಭೆಯ ಕಾರ್ಯನಿರ್ವಾಹಕನು ಸರಕಾರದ ಕಂದಾಯಾಧಿಕಾರಿಯೇ ಆಗಿದ್ದನು. ಠರಾವು ಜನರದು, ಅದನ್ನು ನಡೆಸುವ ಕೈ ಸರಕಾರದ್ದು ಎಂಬ ಇಬ್ಬಂದಿತನ ಅಂದಿನಿಂದಲೇ ಆರಂಭವಾಯಿತು.

1957ರಲ್ಲಿ ಬಲವಂತರಾಯ ಮೆಹತಾ ಸಮಿತಿಯು ಪಂಚಾಯತಿಗಳ ಮೂರು ಹಂತಗಳನ್ನು ಸೂಚಿಸಿ, ನಡುವಣ ಹಂತಕ್ಕೆ ಪ್ರಾಧಾನ್ಯವನ್ನಿತ್ತಿತು. ಮಹಾರಾಷ್ಟ್ರದಲ್ಲಿ ವಸಂತರಾವ್ ನಾಯಿಕರ ಸಮಿತಿಯು ಜಿಲ್ಲೆಯೇ ಬಲವಾಗಿರಬೇಕೆಂದು ಅಭಿಪ್ರಾಯಪಟ್ಟಿತು. ಅದರಂತೆ 1961ರ ಅಧಿನಿಯಮ ಬಂದು, 1962ರ ಮೇ 1ರಂದು ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದವು. ಜನಪದ ಸಭೆಗಳು ಅಳಿದವು. ಕಲೆಕ್ಟರರನ್ನು ಪರಿಷತ್ತಿನಿಂದ ಹೊರಗಿರಿಸಿದ್ದು ಇದರ ವಿಶೇಷ. ಅದೇ ಕಾಲದಲ್ಲಿ ಮೈಸೂರು ರಾಜ್ಯವು 1959ರ ಅಧಿನಿಯಮದಿಂದ ತಾಲೂಕು ಬೋರ್ಡುಗಳನ್ನು ಬಲಪಡಿಸಿ, ಜಿಲ್ಲೆಯಲ್ಲಿ ಡೆಪ್ಯುಟಿ ಕಮಿಷನರರ ಅಧ್ಯಕ್ಷತೆಯ ಸಲಹಾಮಂಡಲಿಯೊಂದನ್ನು ಮಾತ್ರ ಇರಿಸಿಕೊಂಡಿತು. ಕರ್ನಾಟಕದಲ್ಲಿ ನಿಜವಾದ ಜಿಲ್ಲಾ ಸರಕಾರವು ರೂಪುಗೊಂಡದ್ದು 1983ರ ಅಧಿನಿಯಮದಿಂದ, ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ; ಚುನಾವಣೆಗಳು 1987ರಲ್ಲಿ ನಡೆದವು.

ಇನ್ನು ನೌಕರವರ್ಗದ ವಿಚಾರ. ಮಹಾರಾಷ್ಟ್ರದಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯೂ ಇಲಾಖೆಗಳ ಮುಖ್ಯಸ್ಥರೂ ರಾಜ್ಯ ಸರಕಾರದಿಂದ ಬರುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ವರ್ಗದವರು ಮಾತ್ರ ಜಿಲ್ಲಾ ಸೇವೆಯವರು. ಪ್ರಾಥಮಿಕ ಶಾಲೆಯ ಶಿಕ್ಷಕನೂ ಗ್ರಾಮಸೇವಕನೂ ಪರಿಷತ್ತಿನ ನೌಕರರೇ. ಕರ್ನಾಟಕದಲ್ಲಿ ಆ ಶಿಕ್ಷಕನು ರಾಜ್ಯ ಸರಕಾರದ ನೌಕರ. ಪಂಚಾಯತಿಯು ಅವನ ಸಂಬಳವನ್ನು ದಾಟಿಸುವ ಕಾಲುವೆ ಮಾತ್ರ. 1987ರ ವ್ಯವಸ್ಥೆಯಲ್ಲಾದರೋ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯು ಡೆಪ್ಯುಟಿ ಕಮಿಷನರರಿಗಿಂತ ಹಿರಿಯ ಅಧಿಕಾರಿಯಾಗಿದ್ದನು, ಅಧ್ಯಕ್ಷರಿಗೆ ರಾಜ್ಯಮಂತ್ರಿಯ ಸ್ಥಾನವಿತ್ತು. ಆ ಕ್ರಮವು ಬಹುಕಾಲ ನಿಲ್ಲಲಿಲ್ಲ. 1993ರ ಅಧಿನಿಯಮವು ಹೊಸ ವ್ಯವಸ್ಥೆಯನ್ನು ತಂದಿತು.

ಆಯವ್ಯಯದ ಸ್ಥಿತಿಯೂ ಹೀಗೆಯೇ. ಮಹಾರಾಷ್ಟ್ರದ ಪರಿಷತ್ತುಗಳಿಗೆ ಭೂಕಂದಾಯದ ಮೇಲಿನ ಸೆಸ್ಸು, ಮುದ್ರಾಂಕ ಶುಲ್ಕದ ಪಾಲು ಮೊದಲಾದ ಕಿರಿಯ ಆದಾಯಗಳುಂಟು. ಉಳಿದುದೆಲ್ಲ ಬಹುಮಟ್ಟಿಗೆ ಸರಕಾರದ ಅನುದಾನ. ಕರ್ನಾಟಕದ ಜಿಲ್ಲಾ ಪಂಚಾಯತಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ಅದರ ಪಾಲಿನ ಹಣವು ರಾಜ್ಯದ ಆಯವ್ಯಯದೊಡನೆ, ಬಾಬುಬಾಬಾಗಿ ವಿಂಗಡಿತವಾಗಿ, ಬರುತ್ತದೆ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಖಾತೆಯ ಮೇಲೆ ಯಾರ ಹೆಸರಿದೆ ಎಂಬುದಕ್ಕಿಂತ ಹಣ ತೆಗೆಯುವ ನಿಬಂಧನೆಯನ್ನು ಬರೆದವರಾರು ಎಂಬುದೇ ಮುಖ್ಯ. ಸಂಬಳಕ್ಕೂ ನಿಗದಿತ ಯೋಜನೆಗಳಿಗೂ ಕಟ್ಟಿಬಿಟ್ಟ ಹಣದಲ್ಲಿ ಜಿಲ್ಲೆಯ ವಿವೇಚನೆಗೆ ಉಳಿಯುವ ಅಂಶ ಅತ್ಯಲ್ಪ.

ಅಧಿನಿಯಮದ ದೃಷ್ಟಿಯಿಂದ ಪರಿಷತ್ತು ಸ್ವತಂತ್ರ ವ್ಯಕ್ತಿತ್ವವುಳ್ಳದ್ದು. ತನ್ನ ಹೆಸರಿನಲ್ಲಿಯೇ ದಾವೆ ಹೂಡಬಹುದು, ದಾವೆಗೆ ಗುರಿಯಾಗಲೂಬಹುದು. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಐದು ವರ್ಷಗಳ ಅವಧಿಯನ್ನು ನಿಶ್ಚಯಿಸಿತು. ಆದರೂ ನಾಗಪುರದಲ್ಲಿ 2017ರಲ್ಲಿ ನಡೆಯಬೇಕಾಗಿದ್ದ ಚುನಾವಣೆಯು 2020ರ ಜನವರಿಯಲ್ಲಿ ನಡೆಯಿತು. ಒಟ್ಟು ಮೀಸಲಾತಿಯು ಶೇಕಡಾ 50ನ್ನು ಮೀರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚಿಯಲ್ಲಿ ತೀರ್ಪಿತ್ತುದರಿಂದ, ಹಿಂದುಳಿದ ವರ್ಗಗಳ ಸ್ಥಾನಗಳು ತೆರವಾಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಉಪಚುನಾವಣೆಯಾಯಿತು. 2025ರ ಜನವರಿಯಲ್ಲಿ ಅವಧಿ ಮುಗಿದಾಗ ಹೊಸ ಪರಿಷತ್ತು ಸಿದ್ಧವಿರಲಿಲ್ಲ. ಕರ್ನಾಟಕದಲ್ಲಿಯೂ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ತೀರಿತು. ಅನಂತರ ಚುನಾವಣೆಯಿಲ್ಲದೆಯೇ ವರ್ಷಗಳು ಸಂದವು.

ಈ ಅಂತರಕಾಲಗಳಲ್ಲಿ ಕಚೇರಿ ಮುಚ್ಚಲಿಲ್ಲ, ಸಂಬಳ ನಿಲ್ಲಲಿಲ್ಲ, ಲೆಕ್ಕಪತ್ರ ತಪ್ಪಲಿಲ್ಲ. ಆಡಳಿತಾಧಿಕಾರಿಯು ಸಭೆಯ ಸ್ಥಾನದಲ್ಲಿ ಕುಳಿತು ಸಭೆಯ ಕೆಲಸವನ್ನೆಲ್ಲ ನಡೆಸಿದನು. ಸಭೆಯಿಲ್ಲದೆಯೂ ಯಂತ್ರವು ಸಲೀಸಾಗಿ ತಿರುಗಿತೆಂದರೆ, ಸಭೆಗೆ ಮೊದಲಿನಿಂದ ಕೊಟ್ಟಿದ್ದ ಅಧಿಕಾರವೆಷ್ಟು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕಡಿಮೆಯಾದುದು ಒಂದೇ: ಈ ಹಳ್ಳಿಯ ಶಾಲೆಗೆ ಶಿಕ್ಷಕನೇಕಿಲ್ಲ, ಆ ಸೇತುವೆಯ ಹಣ ಎಲ್ಲಿ ಹೋಯಿತು ಎಂದು ಅಧಿಕಾರಿಯನ್ನು ಎದುರಿಗೆ ನಿಲ್ಲಿಸಿ ಕೇಳುವ ಸದಸ್ಯನ ದನಿ. ಜಿಲ್ಲೆಗೆ ತನ್ನ ನೌಕರರು, ತನ್ನ ಹಣ, ತನ್ನ ಅವಧಿ, ಈ ಮೂರೂ ದೊರೆತಲ್ಲಿ ಮಾತ್ರ ಆ ಪ್ರಶ್ನೆಗೆ ಬೆಲೆಯುಂಟು. ಮಹಾರಾಷ್ಟ್ರವು ಮೊದಲನೆಯದರಲ್ಲಿ ಒಂದು ಹೆಜ್ಜೆ ಮುಂದಿದೆ. 1987ರ ಕರ್ನಾಟಕವು ಅಧಿಕಾರಿಗಿಂತ ಸಭೆಯನ್ನು ಮೇಲೇರಿಸಿ ತೋರಿಸಿತು. ಎರಡೂ ಅನುಭವಗಳು ಒಂದೆಡೆ ಸೇರಿದ ಜಿಲ್ಲೆಯನ್ನು ನಾವಿನ್ನೂ ಕಾಣಬೇಕಾಗಿದೆ.