ಗಣಕಯಂತ್ರದ ಹುಳುವೂ ಮುಂಬಯಿಯ ಪ್ಲೇಗೂ

ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಮನೆಯ ಹಿರಿಯರಿಂದ ಕೇಳಿ ಬಲ್ಲರು. ಆ ಮಹಾಮಾರಿಯ ಲೆಕ್ಕದ ಮೇಲೆ ಒರೆಹಚ್ಚಿ ನೋಡಿದ ಗಣಿತವೇ ಇಂದು ಗಣಕಯಂತ್ರಗಳಿಗೆ ತಗಲುವ ಪಿಡುಗನ್ನೂ ವಿವರಿಸುತ್ತಿದೆ.

1927ರಲ್ಲಿ ಕರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿದ್ವಾಂಸರು ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮೊದಲನೆಯವರು ಪ್ರಯೋಗಶಾಲೆಯ ಅಪಘಾತದಲ್ಲಿ ಕಣ್ಣು ಕಳೆದುಕೊಂಡವರು. ಎರಡನೆಯವರು ನಮ್ಮ ದೇಶದ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ತಮ್ಮ ಸೂತ್ರವನ್ನು ಪರೀಕ್ಷಿಸಲು ಅವರು ತೆಗೆದುಕೊಂಡದ್ದು 1905ರ ಡಿಸೆಂಬರಿನಿಂದ 1906ರ ಜುಲೈವರೆಗಿನ ಮುಂಬಯಿಯ ಪ್ಲೇಗನ್ನು. ಆ ನಕ್ಷೆಯ ಒಂದೊಂದು ಚುಕ್ಕೆಯೂ ಒಂದೊಂದು ವಾರದ ಹೆಣಗಳ ಎಣಿಕೆ. ನಾವು ಪರಾಧೀನರಾಗಿದ್ದ ಆ ಕಾಲದಲ್ಲಿ ನಮ್ಮವರ ಪ್ರಾಣ ಉಳಿಯದಿದ್ದರೂ ಅಂಕಿಗಳು ಮಾತ್ರ ಉಳಿದುವು. ಅವುಗಳಿಂದ ಪಾಠ ಕಲಿಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಮೊದಲು ನಮಗೆ.

ಸೂತ್ರದ ತಿರುಳು ಕಠಿನವಲ್ಲ. ರೋಗ ತಗಲಿದವರೆಷ್ಟು, ತಗಲಬಹುದಾದವರೆಷ್ಟು, ಇವೆರಡರ ಗುಣಲಬ್ಧಕ್ಕೆ ತಕ್ಕಂತೆ ಹೊಸ ರೋಗಿಗಳು ಕೂಡುತ್ತಾರೆ. ವಾಸಿಯಾದವರೂ ಸತ್ತವರೂ ಲೆಕ್ಕದಿಂದ ಕಳೆಯುತ್ತಾರೆ. ಕೂಡುವುದಕ್ಕಿಂತ ಕಳೆಯುವುದು ಹೆಚ್ಚಾದರೆ ಪಿಡುಗು ತಾನಾಗಿ ಆರುತ್ತದೆ. 1991ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಕೆಫಾರ್ಟ್ ಮತ್ತು ವೈಟ್ ಎಂಬವರು ಮನುಷ್ಯನ ಸ್ಥಾನದಲ್ಲಿ ಯಂತ್ರವನ್ನಿಟ್ಟು ಇದೇ ಬಗೆಯ ಲೆಕ್ಕ ಹಾಕಿದರು. ಹುಳುವೆಂದರೆ ಯಂತ್ರದ ತಂತ್ರಾಂಶದಲ್ಲಿನ ಬಿರುಕಿನಿಂದ ಒಳಹೊಕ್ಕು, ಯಾರ ಕೈಯೂ ತಾಕದೆ, ಜಾಲದ ಮೂಲಕ ತನ್ನ ಪ್ರತಿಗಳನ್ನು ತಾನೇ ಬಿತ್ತುತ್ತ ಹೋಗುವ ಒಂದು ಪ್ರೋಗ್ರಾಂ.

2003ನೆಯ ಇಸವಿ ಜನವರಿ 25ರಂದು ಹರಡಿದ ‘ಸ್ಲ್ಯಾಮರ್’ ಹುಳುವಿನ ಗಾತ್ರ ಕೇವಲ 376 ಬೈಟು. ಈ ಲೇಖನದ ಒಂದು ಪರಿಚ್ಛೇದದಷ್ಟೂ ಇಲ್ಲ. ಮೊದಮೊದಲು ತಗಲಿದ ಯಂತ್ರಗಳ ಸಂಖ್ಯೆಯು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಯಿತು. ಚಕ್ರಬಡ್ಡಿಯ ಲೆಕ್ಕ ಬಲ್ಲವರು ಮಾಡಿ ನೋಡಲಿ: ಒಂದು ನಿಮಿಷಕ್ಕೆ ಏಳು ಇಮ್ಮಡಿ, ಒಂದಿದ್ದದ್ದು ನೂರಿಪ್ಪತ್ತೆಂಟು. ಹತ್ತು ನಿಮಿಷಗಳೊಳಗೆ, ತಗಲಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತು ಅದರ ವಶವಾದುವು. ಒಟ್ಟು ಕಡಮೆಯೆಂದರೆ 75,000. ನಡುವೆ ವೇಗವು ಕುಗ್ಗಿದ್ದು ಮನುಷ್ಯಪ್ರಯತ್ನದಿಂದಲ್ಲ, ಹುಳುವಿನ ಸಂಚಾರದಿಂದಲೇ ಜಾಲದ ದಾರಿಗಳು ಕಟ್ಟಿಹೋದದ್ದರಿಂದ. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಈ ಹುಳು ಅಳಿಯುತ್ತಿತ್ತು, ನಿಜ; ಬಿರುಕು ಮುಚ್ಚದಿದ್ದರೆ ಪುನಃ ತಗಲುತ್ತಿತ್ತು.

ಇಲ್ಲಿಯೇ ಗಣಿತವು ನಿಷ್ಠುರವಾದ ಮಾತನ್ನಾಡುತ್ತದೆ. ಪ್ಲೇಗು ವಾರಗಳ ಲೆಕ್ಕದಲ್ಲಿ ನಡೆಯಿತು. ವೈದ್ಯನಿಗೂ ನಗರಸಭೆಗೂ ಎಚ್ಚರಗೊಳ್ಳಲು ಅವಕಾಶವಿತ್ತು. ಹುಳು ಸೆಕೆಂಡುಗಳ ಲೆಕ್ಕದ್ದು. ಗುಮಾಸ್ತನು ಟಿಪ್ಪಣಿ ಬರೆದು, ಮೇಲಧಿಕಾರಿಯು ಸಹಿ ಮಾಡಿ, ತಜ್ಞನು ಬರುವವರೆಗೆ ಸೂತ್ರದಲ್ಲಿ ಕಳೆಯುವ ಅಂಕಿ ಸೊನ್ನೆಯೇ. ನಮ್ಮ ಕೈಯಲ್ಲಿ ಉಳಿಯುವುದು ತಗಲಬಹುದಾದ ಯಂತ್ರಗಳ ಸಂಖ್ಯೆಯೊಂದೇ. ಅದನ್ನು ತಗ್ಗಿಸಬೇಕಾದದ್ದು ಪಿಡುಗಿಗೆ ಮುಂಚೆ. ಅಂದು ಆ ಸಂಖ್ಯೆ ಅರ್ಧವಾಗಿದ್ದರೆ ಇಮ್ಮಡಿಯಾಗಲು ಎರಡರಷ್ಟು ಕಾಲ ಹಿಡಿಯುತ್ತಿತ್ತು.

ಸ್ಲ್ಯಾಮರ್ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯು 2002ರ ಜುಲೈಯಲ್ಲಿಯೇ, ಅಂದರೆ ಆರು ತಿಂಗಳು ಮೊದಲೇ, ಸಿದ್ಧವಿತ್ತು, ಹಾಕಿಕೊಳ್ಳುವವರಿರಲಿಲ್ಲ. ಹದಿನಾಲ್ಕು ವರ್ಷಗಳ ಮೇಲೂ ಜಗತ್ತು ಕಲಿಯಲಿಲ್ಲ. 2017ರ ಮೇ 12ರಂದು ‘ವಾನಕ್ರೈ’ ಹರಡಿತು. ಅದರ ತೇಪೆ ಮಾರ್ಚಿ 14ರಂದೇ ಹೊರಬಂದಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಿದುವು. ನಮ್ಮಲ್ಲಿ ಆಂಧ್ರದ ಪೊಲೀಸು ಕಚೇರಿಗಳೂ ಕೇರಳದ ಕೆಲವು ಪಂಚಾಯಿತಿಗಳೂ ಪೆಟ್ಟು ತಿಂದುವು.

ಪಹಣಿ, ಪಿಂಚಣಿ, ಪಡಿತರ, ಎಲ್ಲವೂ ಯಂತ್ರವನ್ನೇ ನಂಬಿರುವ ಕಾಲವಿದು. ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನು ಒತ್ತಿ ಚಹಕ್ಕೆ ಏಳುವ ಅಧಿಕಾರಿಯು ತನ್ನ ತಾಲೂಕಿನ ರೈತನ ದಾಖಲೆಯನ್ನು ಪಣಕ್ಕಿಡುತ್ತಿದ್ದಾನೆ. ಪರರನ್ನು ದೂರಿ ನಾವು ನುಣುಚಿಕೊಳ್ಳಲಾರೆವು. ನಮ್ಮ ಕಾರ್ಯಾಲಯದಲ್ಲಿಯೇ ಮೊನ್ನೆ ವಿಚಾರಿಸಲಾಗಿ ಎರಡು ಯಂತ್ರಗಳಿಗೆ ತೇಪೆ ಬಿದ್ದಿರಲಿಲ್ಲ. ಪ್ರತಿಯೊಂದು ಸರ್ಕಾರಿ ಕಚೇರಿಯೂ ತೇಪೆ ಹಾಕಿದ ತಾರೀಖನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಲಿ. ತಪಾಸಣೆಗೆ ಬರುವ ಅಧಿಕಾರಿಯು ಹಾಜರಿ ಪುಸ್ತಕದ ಜೊತೆಗೆ ಅದನ್ನೂ ತರಿಸಿ ನೋಡಲಿ.