ಬಾಳೆಯ ಕಂದಿನೊಡನೆ ಬರುವ ಕೇಡು

ಹೊಸದಾಗಿ ಬಾಳೆಯ ತೋಟವನ್ನೆಬ್ಬಿಸಬೇಕೆಂದಿರುವ ರೈತನು ಮೊದಲು ಮಾಡುವ ಕೆಲಸವೆಂದರೆ, ನೆರೆಯವರ ಅಥವಾ ನೆಂಟರ ತೋಟಕ್ಕೆ ಹೋಗಿ ಕಂದುಗಳನ್ನು ಕೇಳುವುದು. ತೋಟದ ಒಡೆಯನೂ ಇಲ್ಲವೆನ್ನುವುದಿಲ್ಲ. ಗೊನೆ ಕಡಿದಾದ ಮೇಲೆ ಬುಡದಲ್ಲಿ ಉಳಿಯುವ ಕಂದುಗಳು ಅವನ ಅಗತ್ಯಕ್ಕಿಂತ ಹೇಗೂ ಹೆಚ್ಚಾಗಿರುತ್ತವೆ. ಅವುಗಳನ್ನು ಅಗೆದು, ಬೇರಿಗೆ ಹತ್ತಿದ ಮಣ್ಣಿನೊಡನೆಯೇ ಗಾಡಿಗೆ ತುಂಬಿ, ಸಂಜೆಯ ಹೊತ್ತಿಗೆ ಊರು ಸೇರಿದರೆ ಅರ್ಧ ಕೆಲಸ ಮುಗಿದಂತೆಯೇ ಸರಿ ಎಂದು ಭಾವಿಸುವುದುಂಟು. ಕಾಸಿನ ಖರ್ಚಿಲ್ಲದೆ ಬಂದ ಈ ಗಾಡಿಯಲ್ಲಿ ಕಂದುಗಳ ಹೊರತು ಮತ್ತೇನೇನು ಬಂದಿದೆಯೆಂದು ವಿಚಾರಿಸುವವರು ವಿರಳ.

ರಾಗಿ, ಭತ್ತ, ಜೋಳ ಮುಂತಾದ ಪೈರುಗಳು ಬೀಜದಿಂದ ಹುಟ್ಟುತ್ತವೆ. ತಾಯಿಗಿಡಕ್ಕೆ ತಗಲಿದ ಬೇನೆಗಳಲ್ಲಿ ಅನೇಕವು ಬೀಜಕ್ಕೆ ದಾಟದೆ ಗಿಡದೊಡನೆಯೇ ಅಳಿದುಹೋಗುತ್ತವೆ. ತಿನ್ನುವ ಬಾಳೆಯಲ್ಲಾದರೋ ಬೀಜವೇ ಇಲ್ಲ. ಕಂದು ಎಂಬುದು ತಾಯಿಯ ಗೆಡ್ಡೆಯಿಂದ ಒಡೆದ ಒಂದು ಭಾಗ. ತಾಯಿಯ ಗೆಡ್ಡೆಯಲ್ಲಿ ಹುಳುವಿದ್ದರೆ ಹುಳು, ನಾಳಗಳಲ್ಲಿ ಬೂಷ್ಟು ಇದ್ದರೆ ಬೂಷ್ಟು, ರಸದಲ್ಲಿ ನಂಜು ಇದ್ದರೆ ನಂಜು, ಇವೆಲ್ಲವೂ ಅದಕ್ಕೆ ಪಾಲಾಗಿ ಬರುತ್ತವೆ. ಇದಲ್ಲದೆ ಬೇನೆಯ ಆರಂಭದಲ್ಲಿ ಕಂದಿನ ಹೊರಗಡೆ ಯಾವ ಗುರುತೂ ಕಾಣದಿರುವುದು ಸಾಮಾನ್ಯ. ಬಾಳೆಯ ದೊಡ್ಡ ಬೇನೆಗಳು ದೇಶದಿಂದ ದೇಶಕ್ಕೆ ಹಬ್ಬಿದ ಬಗೆಯನ್ನು ಪರಿಶೀಲಿಸಿದರೆ, ಗಾಳಿ ಮಳೆಗಳಿಗಿಂತಲೂ ಮನುಷ್ಯನ ಕೈಯೇ ಅವುಗಳನ್ನು ಹೆಚ್ಚು ದೂರಕ್ಕೆ ಒಯ್ದಿರುವುದು ಕಂಡುಬರುತ್ತದೆ.

ಇದಕ್ಕೆ ಆಸ್ಟ್ರೇಲಿಯಾದ ವೃತ್ತಾಂತವು ಒಳ್ಳೆಯ ನಿದರ್ಶನ. ತುದಿಗೊಂಚಲು ರೋಗವೆಂಬ ಬೇನೆಯು 1889ರಲ್ಲಿಯೇ ಫಿಜಿ ದ್ವೀಪಗಳಲ್ಲಿ ಕಂಡಿತ್ತು. ಅಲ್ಲಿಂದ ತಂದ ಕಂದುಗಳ ಮೂಲಕ 1913ರ ಸುಮಾರಿಗೆ ಅದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದ ಉತ್ತರ ಭಾಗವನ್ನೂ ಕ್ವೀನ್ಸ್‌ಲೆಂಡಿನ ದಕ್ಷಿಣ ಭಾಗವನ್ನೂ ಹೊಕ್ಕಿತು. ಆಗ ಅಲ್ಲಿ ಬಾಳೆಯ ಬೇಸಾಯವು ಭರದಿಂದ ವಿಸ್ತರಿಸುತ್ತಿದ್ದುದರಿಂದ, ಹೊಸ ತೋಟಗಳಿಗೆ ಹಳೆಯ ತೋಟಗಳ ಕಂದುಗಳನ್ನೇ ಎಡೆಬಿಡದೆ ಸಾಗಿಸಲಾಯಿತು. ಹನ್ನೆರಡು ವರ್ಷಗಳೊಳಗಾಗಿ, ರೋಗವು ಬಲವಾಗಿ ಹಿಡಿದ ಸೀಮೆಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳೆ ಹಾಳಾಯಿತು. ಅನೇಕರು ತೋಟಗಳನ್ನು ಬಿಟ್ಟು ಹೊರಟುಹೋದರು.

1924ರಲ್ಲಿ ಈ ಬೇನೆಯ ಕಾರಣವನ್ನು ಕಂಡುಹಿಡಿಯಲು ಒಂದು ಸಮಿತಿಯು ನೇಮಕವಾಯಿತು. ಅದರಲ್ಲಿ ಕೆಲಸಮಾಡಿದ ಚಾರ್ಲ್ಸ್ ಮ್ಯಾಗೀ ಎಂಬ ತರುಣ ವಿಜ್ಞಾನಿಯು, ಈ ರೋಗಕ್ಕೆ ಮಣ್ಣಾಗಲಿ ಗೊಬ್ಬರವಾಗಲಿ ಕಾರಣವಲ್ಲವೆಂದೂ, ಗಿಡದ ರಸದಲ್ಲಿರುವ ಒಂದು ನಂಜೇ ಕಾರಣವೆಂದೂ, ಅದು ಹರಡಲು ಎರಡೇ ದಾರಿಗಳುಂಟೆಂದೂ ತೋರಿಸಿದನು. ಬಾಳೆಯ ಬುಡದಲ್ಲಿಯೂ ಸುರುಳಿ ಎಲೆಯ ಸಂದಿನಲ್ಲಿಯೂ ವಾಸಿಸುವ ಕಪ್ಪು ಛಾಯೆಯ ಸಸ್ಯಹೇನು ಒಂದು ದಾರಿ. ರೋಗದ ಬುಡದಿಂದ ತೆಗೆದ ಕಂದು ಮತ್ತೊಂದು ದಾರಿ. ಹೇನು ರೋಗವನ್ನು ತೋಟದೊಳಗೂ ಪಕ್ಕದ ತೋಟಕ್ಕೂ ಹರಡುವುದು. ಊರಿಂದೂರಿಗೆ ಕೊಂಡೊಯ್ದುದು ಕಂದಿನ ಗಾಡಿ. ಈ ವಿಷಯ ಖಚಿತವಾದ ಮೇಲೆ ಸರ್ಕಾರದವರು ಕಾನೂನನ್ನು ಮಾಡಿ, ಅನುಮತಿಯಿಲ್ಲದೆ ಬಾಳೆಯನ್ನು ನೆಡಕೂಡದೆಂದೂ, ಪರೀಕ್ಷಿಸಿ ಒಪ್ಪಿದ ತೋಟದ ಕಂದುಗಳನ್ನೇ ತರತಕ್ಕದ್ದೆಂದೂ, ರೋಗದ ಬುಡ ಕಂಡೊಡನೆ ಬೇರುಸಹಿತ ಕಿತ್ತು ನಾಶಮಾಡತಕ್ಕದ್ದೆಂದೂ ವಿಧಿಸಿದರು. ಒಬ್ಬನು ಕಿತ್ತು ಮತ್ತೊಬ್ಬನು ಬಿಟ್ಟರೆ ಫಲವಿಲ್ಲವಾದ್ದರಿಂದ ಇಡೀ ಸೀಮೆಗೆ ಒಂದೇ ಕಟ್ಟಳೆಯಾಯಿತು. ತೋಟಗಳು ಮತ್ತೆ ಎದ್ದವು. ಆ ದೇಶದ ಬಾಳೆಯ ಹೆಚ್ಚು ಪಾಲು ಬೆಳೆಯುವ ಉತ್ತರ ಕ್ವೀನ್ಸ್‌ಲೆಂಡಿಗೆ ಈ ರೋಗವು ನೂರು ವರ್ಷಗಳಾದರೂ ನೆಲೆಯೂರಲು ಸಾಧ್ಯವಾಗಿಲ್ಲ.

ಭಾರತದಲ್ಲಿ ಇದೇ ಬೇನೆಯು 1940ರ ಸುಮಾರಿಗೆ ಸಿಂಹಳದ ಕಡೆಯಿಂದ ತಿರುವಾಂಕೂರಿನ ಕೊಟ್ಟಾಯಂ ಸೀಮೆಯನ್ನು ಹೊಕ್ಕಿತೆಂದು ತಿಳಿದುಬಂದಿದೆ. ತಮಿಳುನಾಡಿನ ಕೆಳ ಪಳನಿ ಬೆಟ್ಟಗಳಲ್ಲಿ ಬೆಳೆಯುತ್ತಿದ್ದ, ಪಳನಿಯ ಪಂಚಾಮೃತಕ್ಕೆ ಹೆಸರಾದ ವಿರೂಪಾಕ್ಷಿ ಬಾಳೆಯ ತೋಟಗಳು ಇದರಿಂದಲೇ ಬಹುಮಟ್ಟಿಗೆ ನಾಶವಾದವು. ರೋಗವಿರುವ ಪ್ರಾಂತಗಳಿಂದ ಕಂದುಗಳನ್ನು ಸಾಗಿಸಕೂಡದೆಂದು 1914ರ ಕೀಟಪೀಡೆಗಳ ಕಾನೂನಿನ ಮೇರೆಗೆ ಆಜ್ಞೆಗಳೂ ಹೊರಟವು. ಆದರೆ ರಾತ್ರಿಯಲ್ಲಿ ಗಡಿ ದಾಟುವ ಕಂದಿನ ಮೂಟೆಗೆ ಆಜ್ಞೆಯ ಅಂಜಿಕೆ ಎಷ್ಟಿದ್ದೀತು?

ಈ ರೋಗದ ಲಕ್ಷಣವನ್ನು ಪ್ರತಿಯೊಬ್ಬ ತೋಟಗಾರನೂ ಅರಿತಿರಬೇಕು. ಎಲೆಯ ಕೆಳಮೈಯನ್ನು ಬೆಳಕಿಗೆ ಹಿಡಿದು ನೋಡಿದರೆ ಕಿರುನರಗಳ ಮೇಲೂ ನಡುದಿಂಡಿನ ಮೇಲೂ ಕಡು ಹಸುರಿನ ಚುಕ್ಕಿಗಳೂ ಗೀಟುಗಳೂ ಕಾಣುತ್ತವೆ. ಮುಂದೆ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ಅಂಚು ಹಳದಿಯಾಗಿ, ಗಿಡದ ತಲೆಯಲ್ಲಿ ಪೊರಕೆ ಕಟ್ಟಿದಂತೆ ಒತ್ತಾಗುತ್ತವೆ. ಎಳವೆಯಲ್ಲಿಯೇ ರೋಗ ಹಿಡಿದ ಗಿಡವು ಗೊನೆ ಹಾಕುವುದಿಲ್ಲ. ಅಂತಹ ಬುಡದ ಕಂದುಗಳೆಲ್ಲವೂ ಕ್ರಮೇಣ ರೋಗದವೇ ಆಗುವುವು. ಸೋಂಕು ತಗಲಿದ ಮೇಲೆ ಲಕ್ಷಣ ತೋರಲು ಕೆಲವು ವಾರಗಳು ಹಿಡಿಯುವುದರಿಂದ, ಆ ಅವಧಿಯಲ್ಲಿ ತೆಗೆದ ಕಂದು ನೋಡುವುದಕ್ಕೆ ಹಸನಾಗಿಯೇ ಇರುವುದು. ಕತ್ತಿಯಿಂದ ಈ ನಂಜು ಹರಡುವುದೆಂಬ ನಂಬಿಕೆ ಕೆಲವೆಡೆ ಇದೆ, ಅದು ಸರಿಯಲ್ಲ. ಕತ್ತಿಯನ್ನು ತೊಳೆಯುವುದರಲ್ಲಿ ಶ್ರಮಪಟ್ಟು, ಬುಡದಲ್ಲಿರುವ ಹೇನನ್ನು ಮರೆಯುವುದು ತಪ್ಪು ದಾರಿ. ರೋಗದ ಗಿಡವನ್ನು ಹಾಗೆಯೇ ಕಡಿದರೆ ಹೇನುಗಳು ಪಕ್ಕದ ಗಿಡಕ್ಕೆ ಹೋಗುವುವು. ಮೊದಲು ಕೀಟನಾಶಕದಿಂದ ಹೇನುಗಳನ್ನು ಕೊಂದು, ಆಮೇಲೆ ಗೆಡ್ಡೆಯೊಡನೆ ಅಗೆದು, ಚೂರುಮಾಡಿ ಹೂಳುವುದು ಕ್ರಮ.

ಮೈಸೂರು ಸೀಮೆಯವರಿಗೆ ಇನ್ನೊಂದು ಬೇನೆಯನ್ನು ಕುರಿತು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ನಂಜನಗೂಡಿನ ರಸಬಾಳೆಯ ಹೆಸರನ್ನು ಕೇಳದವರಾರು? ದೇವರಸನಹಳ್ಳಿ ಮುಂತಾದ ಗ್ರಾಮಗಳ ಸುತ್ತ ಬೆಳೆದು, ಆ ಊರಿಗೇ ಕೀರ್ತಿ ತಂದ ಹಣ್ಣು ಅದು. ಭೌಗೋಳಿಕ ಸೂಚಕವೆಂಬ ಸರ್ಕಾರದ ಮಾನ್ಯತೆಯೂ ಅದಕ್ಕೆ ದೊರೆತಿದೆ. ಮಾನ್ಯತೆ ಬರುವಷ್ಟರಲ್ಲಿ ತೋಟಗಳು ಬೆರಳಲ್ಲೆಣಿಸುವಷ್ಟಕ್ಕೆ ಇಳಿದಿದ್ದವು. ಪನಾಮಾ ಸೊರಗು ರೋಗವು ಇದಕ್ಕೆ ಮುಖ್ಯ ಕಾರಣ. ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಂ ಎಂಬ ಬೂಷ್ಟು ಬೇರಿನ ಮೂಲಕ ಒಳಹೊಕ್ಕು ನೀರಿನ ನಾಳಗಳನ್ನು ಮುಚ್ಚಿಬಿಡುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು, ಗಿಡದ ಸುತ್ತ ಜೋತುಬೀಳುತ್ತವೆ. ದಿಂಡಿನ ಬುಡ ಸೀಳುತ್ತದೆ. ಗೆಡ್ಡೆಯನ್ನು ಕೊಯ್ದರೆ ಕೆಂಗಂದು ಗೆರೆಗಳು ತೋರುತ್ತವೆ. 1876ರಲ್ಲಿ ಬ್ರಿಸ್ಬೇನ್ ನಗರದ ಸಮೀಪದಲ್ಲಿ ಮೊದಲು ವರ್ಣಿತವಾದ ಈ ರೋಗವು, ಮಧ್ಯ ಅಮೆರಿಕದಲ್ಲಿ ರಫ್ತಿಗೆ ಬೆಳೆಯುತ್ತಿದ್ದ ಗ್ರೋ ಮಿಷೆಲ್ ಎಂಬ ಜಾತಿಯನ್ನು 1960ರ ಹೊತ್ತಿಗೆ ವ್ಯಾಪಾರದಿಂದಲೇ ಹೊರದೂಡಿತು. ಅಲ್ಲಿಯೂ ರೋಗದ ಗೆಡ್ಡೆಗಳಿಂದ ಹೊಸ ತೋಟಗಳನ್ನು ಎಬ್ಬಿಸುತ್ತ ಹೋದುದೇ ಅನರ್ಥಕ್ಕೆ ಕಾರಣವಾಯಿತು.

ಈ ಬೂಷ್ಟಿನ ಬೀಜಕಣಗಳು ಆತಿಥ್ಯ ಕೊಡುವ ಬಾಳೆಯಿಲ್ಲದೆಯೂ ಮಣ್ಣಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಜೀವಿಸಿರಬಲ್ಲವು. ಹೀಗಿರುವಲ್ಲಿ ಒಂದು ದಿನ ತಂದ ಒಂದು ರೋಗದ ಕಂದು, ತಂದವನ ಮಗನ ಕಾಲದವರೆಗೂ ಆ ಹೊಲವನ್ನು ರಸಬಾಳೆಗೆ ಅಯೋಗ್ಯವಾಗಿ ಮಾಡಿಬಿಡುವುದು. ಗೆಡ್ಡೆಯ ಹೊರಮೈ ಕೆತ್ತುವುದರಿಂದಾಗಲಿ ಔಷಧದಲ್ಲಿ ಅದ್ದುವುದರಿಂದಾಗಲಿ ನಾಳದೊಳಗಿನ ಬೂಷ್ಟು ಹೋಗುವುದಿಲ್ಲ. ಸೊರಗು ಕಂಡ ತೋಟದಿಂದ, ಅದರಲ್ಲಿ ಚೆನ್ನಾಗಿ ನಿಂತಿರುವ ಬುಡದಿಂದಲೂ, ಕಂದು ತೆಗೆಯದಿರುವುದೊಂದೇ ಉಪಾಯ. ಇಂತಹ ಭೂಮಿಗೆ ಪಚ್ಚಬಾಳೆಯು ಒಗ್ಗುವುದೆಂಬ ಧೈರ್ಯ ಬಹುಕಾಲ ಇದ್ದಿತು. ಪಚ್ಚಬಾಳೆಯನ್ನೂ ಅದರ ಬಳಗದ ಜಿ-9 ತಳಿಯನ್ನೂ ಕೊಲ್ಲುವ ಟಿ.ಆರ್.4 ಎಂಬ ಹೊಸ ಬಗೆಯ ಬೂಷ್ಟು ಪೂರ್ವ ಏಷ್ಯದಿಂದ ಹೊರಟು, 1997ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಬಳಿ, 2013ರಲ್ಲಿ ಮೊಜಾಂಬಿಕ್‌ನಲ್ಲಿ, 2019ರಲ್ಲಿ ಕೊಲಂಬಿಯದಲ್ಲಿ ಕಂಡಿತು. ಈ ಮಧ್ಯೆ ಬಿಹಾರದ ಕಟಿಹಾರ್ ಮತ್ತು ಪೂರ್ಣಿಯಾ ಜಿಲ್ಲೆಗಳ ತೋಟಗಳಲ್ಲಿಯೂ ಕಾಣಿಸಿಕೊಂಡಿತು. ಆದ್ದರಿಂದ ಹೊರ ಪ್ರಾಂತದ ಕಂದು ಅಗ್ಗವೆಂದು ಲಾರಿಯಲ್ಲಿ ತರಿಸುವವರನ್ನು ಊರಿನ ಹಿರಿಯರು ಮೊದಲೇ ತಡೆಯುವುದು ಉಚಿತ.

ಉಳಿದೆರಡು ಶತ್ರುಗಳು ಗೆಡ್ಡೆಯ ಮೈಯಲ್ಲಿಯೇ ಇರುವುವು. ಅವುಗಳ ವಿಷಯದಲ್ಲಿ ರೈತನ ಕೈ ಮೇಲಾಗಬಲ್ಲುದು. ಮೂತಿಹುಳುವು ಬುಡದಲ್ಲಿ ಮೊಟ್ಟೆಯಿಡುವುದು. ಮರಿಗಳು ಗೆಡ್ಡೆಯೊಳಗೆ ಸುರಂಗ ಕೊರೆಯುವುವು. ಬೆಳೆದ ಹುಳುವಿಗೆ ರೆಕ್ಕೆಯಿದ್ದರೂ ಹಾರುವುದು ಅಪರೂಪ. ರಾತ್ರಿ ನಾಲ್ಕು ಹೆಜ್ಜೆ ನಡೆಯುವ ಈ ಪ್ರಾಣಿಯು ಸಮುದ್ರಗಳನ್ನು ದಾಟಿ ಬಾಳೆ ಬೆಳೆಯುವ ದೇಶಗಳನ್ನೆಲ್ಲ ಮುಟ್ಟಿರುವುದು ಕಂದಿನೊಳಗೆ ಕುಳಿತೇ. ಇನ್ನೊಂದು, ಕಣ್ಣಿಗೆ ಕಾಣದ ಕೊರೆಯುವ ಜಂತು. ಕಾಬ್ ಎಂಬ ಪಂಡಿತನು 1893ರಲ್ಲಿ ಫಿಜಿಯ ಬಾಳೆಯ ಬೇರುಗಳಿಂದ ಇದನ್ನು ವರ್ಣಿಸಿದನು. ಭಾರತದಲ್ಲಿ 1966ರಲ್ಲಿ ಕೇರಳದಿಂದ ಮೊದಲು ವರದಿಯಾಯಿತು. ಇದು ಬೇರನ್ನು ಕೊಳೆಯಿಸುವುದರಿಂದ, ಗೊನೆಯ ಭಾರಕ್ಕೆ ಗಿಡವು ಬುಡಸಹಿತ ಮಗುಚಿಬೀಳುತ್ತದೆ. ಗಾಳಿಯಿಂದ ಬಿದ್ದಿತೆಂದು ರೈತನು ಗಾಳಿಯನ್ನು ಶಪಿಸುತ್ತಾನೆ.

ಇವೆರಡಕ್ಕೂ ಪರಿಹಾರ ಒಂದೇ. ಕತ್ತಿಯಂತೆ ಕಿರಿದಾದ ಎಲೆಯುಳ್ಳ, ತಾಯಿಯ ಗೆಡ್ಡೆಗೆ ಬಲವಾಗಿ ಅಂಟಿರುವ ಕಂದುಗಳನ್ನೇ ಆರಿಸಬೇಕು. ಅಗಲ ಎಲೆಯ ನೀರುಕಂದು ಬೇಡ. ಅಗೆದ ಜಾಗದಲ್ಲಿಯೇ ಬೇರುಗಳನ್ನು ಕಡಿದು, ಮಣ್ಣನ್ನು ಕೊಡವಿ, ಗೆಡ್ಡೆಯ ಹೊರಮೈಯನ್ನು ಬಿಳಿಯ ತಿರುಳು ಕಾಣುವವರೆಗೆ ಕೆತ್ತಬೇಕು. ಸುರಂಗವಾಗಲಿ ಕೆಂಗಪ್ಪು ಕಲೆಯಾಗಲಿ ಒಳಗೆ ಆಳವಾಗಿ ಹೋಗಿದ್ದರೆ ಆ ಕಂದನ್ನು ಕೈಬಿಡಬೇಕು. ಕೆತ್ತಿದ ಗೆಡ್ಡೆಯನ್ನು 55 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ 20 ನಿಮಿಷ ಅದ್ದಿಟ್ಟರೆ ಉಳಿದ ಜಂತುಗಳೂ ಮೊಟ್ಟೆಗಳೂ ಸಾಯುತ್ತವೆ. ಇದಕ್ಕೆ ಉಷ್ಣಮಾಪಕವು ಬೇಕು. ಶಾಖ ಮೀರಿದರೆ ಮೊಳಕೆಯೇ ಬೆಂದುಹೋಗುವುದು. ಉಷ್ಣಮಾಪಕವಿಲ್ಲದ ಹಳ್ಳಿಗಳಿಗಾಗಿ ಆಫ್ರಿಕದಲ್ಲಿ, ಕೆತ್ತಿದ ಗೆಡ್ಡೆಯನ್ನು ಕುದಿಯುವ ನೀರಿನಲ್ಲಿ ಕೇವಲ 30 ಸೆಕೆಂಡು ಅದ್ದಿ ತೆಗೆಯುವ ಕ್ರಮವನ್ನು ಪರೀಕ್ಷಿಸಿ ರೂಢಿಗೆ ತಂದಿದ್ದಾರೆ. ಒಂದು ಹಂಡೆ, ಒಂದಿಷ್ಟು ಸೌದೆ, ಎಣಿಸಬಲ್ಲ ಒಬ್ಬ ಆಳು ಇದ್ದರೆ ಸಾಕು. ಇಷ್ಟೆಲ್ಲ ಮಾಡಿ, ಕೆತ್ತಿದ ಕಂದುಗಳನ್ನು ಹಳೆಯ ತೋಟದ ಬದುವಿನಲ್ಲಿ ರಾತ್ರಿಯಿಡೀ ಬಿಟ್ಟರೆ ಪ್ರಯೋಜನವಿಲ್ಲ: ಹಸಿ ಗೆಡ್ಡೆಯ ವಾಸನೆಗೆ ಮೂತಿಹುಳುಗಳು ಬಂದು ಹೊಸದಾಗಿ ಮೊಟ್ಟೆಯಿಡುವುವು. ಅಂದೇ ಸಾಗಿಸತಕ್ಕದ್ದು.

ಮದುವೆಯ ಚಪ್ಪರಕ್ಕೂ ಆಯುಧಪೂಜೆಗೂ ದೂರದಿಂದ ತರುವ ಬಾಳೆಕಂಬಗಳ ವಿಷಯವನ್ನೂ ಇಲ್ಲಿ ಹೇಳಬಹುದು. ಗೆಡ್ಡೆಯಿಲ್ಲದೆ ಕಡಿದ ಕಂಬದಿಂದ ಭಯ ಕಡಮೆ. ಗೆಡ್ಡೆಸಹಿತ ಕಿತ್ತು ತಂದುದನ್ನು ಹಬ್ಬ ಮುಗಿದ ಮೇಲೆ, ದಂಡವಾಗಬಾರದೆಂದು ಹಿತ್ತಲಿನಲ್ಲಿ ನೆಡುವ ಮಿತವ್ಯಯವು ಮಾತ್ರ ದುಬಾರಿಯಾಗಬಹುದು.

ಹತ್ತಾರು ವರ್ಷಗಳಿಂದ ಅಂಗಾಂಶ ಕೃಷಿಯ ಸಸಿಗಳು ಬಳಕೆಗೆ ಬಂದಿವೆ. ಪ್ರಯೋಗಶಾಲೆಯಲ್ಲಿ ಶುದ್ಧವಾದ ಬಾಟಲಿಯೊಳಗೆ ಬೆಳೆಯುವುದರಿಂದ ಇವುಗಳಲ್ಲಿ ಹುಳುವಿಲ್ಲ, ಜಂತುವಿಲ್ಲ, ಸೊರಗಿನ ಬೂಷ್ಟೂ ಇಲ್ಲ. ನಂಜಿನ ವಿಷಯದಲ್ಲಿ ಈ ಭರವಸೆ ಸಾಲದು; ಮೂಲದ ತಾಯಿಗಿಡದಲ್ಲಿ ನಂಜು ಇದ್ದರೆ ಬಾಟಲಿಯ ಸಾವಿರಾರು ಸಸಿಗಳಲ್ಲಿಯೂ ಅದು ಇರಬಹುದು. ಈ ಕಾರಣದಿಂದಲೇ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯವರು 2006ರಲ್ಲಿ ಇಂತಹ ಸಸಿಗಳಿಗೆ ಪ್ರಮಾಣೀಕರಣದ ಏರ್ಪಾಡನ್ನು ಮಾಡಿದರು. ಸೊರಗಿನ ಮಣ್ಣಿನಲ್ಲಿ ನೆಟ್ಟರೆ ಈ ಸಸಿಯೂ ಸೊರಗುವುದು. ಶುದ್ಧವಾದ ಸಸಿಯೆಂದರೆ ರೋಗ ತಡೆಯುವ ಸಸಿಯೆಂದು ತಿಳಿಯಬಾರದು. ಕೊಳ್ಳುವಾಗ ನಂಜಿನ ಪರೀಕ್ಷೆಯಾದ ಪ್ರಮಾಣಪತ್ರವನ್ನು ಕೇಳಿ ಪಡೆದು, ಸಸಿಯ ತಂಡದ ಸಂಖ್ಯೆಯನ್ನೂ ನೆಟ್ಟ ತಾರೀಖನ್ನೂ ಬರೆದಿಡತಕ್ಕದ್ದು. ಕಂದು ತಂದವರೂ ಯಾರ ತೋಟದಿಂದ ಎಂದು ತಂದರೆಂಬುದನ್ನು ಹಾಗೆಯೇ ಬರೆದಿಡಲಿ. ಆರು ತಿಂಗಳ ಮೇಲೆ ಒಂದು ಬುಡದಲ್ಲಿ ಚುಕ್ಕಿಗೀಟುಗಳು ಕಂಡಾಗ, ಊರಿನ ಇನ್ನಾವ ತೋಟಗಳನ್ನು ಅಂದೇ ಹೋಗಿ ನೋಡಬೇಕೆಂಬುದು ಆ ಬರಹದಿಂದ ಗೊತ್ತಾಗುವುದು.