ಬಾಗಿಲು ಮುಚ್ಚಿ ಕೂರುವ ಮಂಗಟ್ಟೆ

ಪ್ರಶ್ನೆ: ಹೆಣ್ಣು ಮಂಗಟ್ಟೆ ಹಕ್ಕಿಯನ್ನು ಗಂಡು ಪೊಟರೆಯೊಳಗೆ ಕೂಡಿಹಾಕುತ್ತದಂತೆ. ಏಕೆ?

ಕೂಡಿಹಾಕುವುದು ಗಂಡಲ್ಲ. ದಾಂಡೇಲಿಯ ಕಾಡಲ್ಲೂ ಕಾಣುವ ದೊಡ್ಡ ಮಂಗಟ್ಟೆಯಲ್ಲಿ ಹೆಣ್ಣೇ ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳನ್ನು ಕೊಕ್ಕಿನಿಂದ ಬಡಿದು ಬಡಿದು ಪೊಟರೆಯ ಬಾಯಿಗೆ ಮೆತ್ತುತ್ತದೆ. ಒಣಗಿದಾಗ ಅದು ಗಟ್ಟಿ ಗೋಡೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಇಲಿ ನುಗ್ಗದಂತೆ ಕಣಜದ ಬಾಯಿಗೆ ಸಗಣಿ ಮಣ್ಣು ಮೆತ್ತುವಂತೆಯೇ ಇದೂ: ಒಳಗಿನ ಮೊಟ್ಟೆಗಳು ಬೇಟೆಯಾಡುವ ಪ್ರಾಣಿಗಳ ಬಾಯಿಗೆ ಸಿಗುವುದಿಲ್ಲ, ಪೊಟರೆಗಾಗಿ ಹೊಂಚುವ ಬೇರೆ ಮಂಗಟ್ಟೆಗಳಿಗೂ ದಾರಿಯಿಲ್ಲ. ಈ ಎರಡನೆಯ ಕಾರಣ ಸಣ್ಣದೇನಲ್ಲ. ಮಂಗಟ್ಟೆಗೆ ಮರಕುಟಿಗದಂತೆ ಮರ ಕೊರೆಯಲು ಬಾರದು. ಅಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ಹಳೆಯ ಹೆಮ್ಮರಗಳಲ್ಲೇ ಸಿಗಬೇಕು. ಅಂಥ ಒಂದು ಮರ ಕಡಿದರೆ ಒಂದು ಜೋಡಿಯ ಮನೆಯೇ ಹೋದಂತೆ.

ಹೊರಗಿನಿಂದ ಆಹಾರ ತಂದುಕೊಡುವ ಗಂಡು ಸತ್ತರೆ ಗತಿಯೇನು ಎಂದು ಕೇಳಬಹುದು. ಅಪಾಯ ನಿಜ. ಒಳಗಿದ್ದಾಗಲೇ ಹೆಣ್ಣು ಹಾರುವ ಗರಿಗಳನ್ನು ಉದುರಿಸುವುದರಿಂದ, ಗೋಡೆ ಒಡೆದರೂ ಆಗ ಚೆನ್ನಾಗಿ ಹಾರಲಾರದು. ಆದರೆ ಸುಮಾರು 40 ದಿನದ ಕಾವಿನ ಕಾಲವನ್ನು ಬಾಗಿಲಿಲ್ಲದೆ ಕಳೆಯುವುದು ಇನ್ನೂ ದೊಡ್ಡ ಅಪಾಯ. ಹಾಗೆಂದೇ ಗಂಡು ದಿನವೂ ಆಲ, ಅತ್ತಿ ಜಾತಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಒಂದೊಂದಾಗಿ ಸೀಳಿನೊಳಗೆ ದಾಟಿಸುತ್ತದೆ. ಅದನ್ನು ಸೆರೆಗಾರ ಎನ್ನುವುದು ಅನ್ಯಾಯ. ಮರಿ ಸ್ವಲ್ಪ ಬೆಳೆದ ಮೇಲೆ ಹೊಸ ಗರಿ ಮೂಡಿದ ತಾಯಿ ಗೋಡೆ ಒಡೆದು ಹೊರಬರುತ್ತದೆ. ಒಳಗುಳಿದ ಮರಿ ತಾನೇ ಬಾಗಿಲನ್ನು ಮತ್ತೆ ಮೆತ್ತಿಕೊಳ್ಳುತ್ತದೆ.